ಅರಿವಿ ಗಂಟು ಬಿಚ್ಚಿದ ಮಧ್ಯಾಹ್ನ

ಸುಗ್ಗಿ ಮುಗಿದು ಬಿಸಿಲು ಏರಿತೆಂದರೆ ಮುಂದಿನ ಮನೆಯ ವೈನಿ ಬಾಗಿಲಿಗೆ ಬಂದು, "ಗಂಟು ಇಳಸ್ರೀ ಅಕ್ಕಾರ, ಕೌದಿ ಹಾಕೂಣು" ಎನ್ನುತ್ತಾರೆ. ನಮ್ಮ ಅಟ್ಟದ ಮೇಲಿನ ಅರಿವಿ ಗಂಟನ್ನು ಕಟ್ಟಿರುವುದು ಅಪ್ಪನ ಹಳೇ ಧೋತರದಲ್ಲಿ. ಅದು ಕೆಳಗಿಳಿದರೆ ಓಣಿಯ ಇನ್ನಿಬ್ಬರೂ ತಮ್ಮ ಗಂಟು ಹೊತ್ತು ಬರುತ್ತಾರೆ.

ಮೊದಲ ಮಧ್ಯಾಹ್ನ ನಾವು ಸೂಜಿ ಮುಟ್ಟುವುದಿಲ್ಲ. ಪಡಸಾಲೆಯಲ್ಲಿ ಅರಿವೆ ಸುರಿದುಕೊಂಡು ಕೂಡುತ್ತೇವೆ, ಅಷ್ಟೇ. ಇಳಕಲ್ ಸೀರೆಯ ಅಂಚು, ಗುಳೇದಗುಡ್ಡದ ಖಣದ ಕುಪ್ಪಸದ ತೋಳು, ಮಗನ ಸಾಲಿ ಅಂಗಿ, ಯಾರದೋ ಬಾಣಂತನದ ಸೀರೆ. ಒಂದೊಂದು ತುಂಡೂ ಕೈಯಿಂದ ಕೈಗೆ ಹೋಗುತ್ತದೆ. "ಇದು ನಿಮ್ಮ ಅತ್ತಿಯವರದಲ್ಲೇನ್ರೀ?" ಎಂದು ಒಬ್ಬರು ಕೇಳಿದರೆ ಆ ಮುದುಕಿಯ ಮಾತು ಒಂದು ತಾಸು ನಡೆಯುತ್ತದೆ. ನನಗೆ ವರ್ಷದಲ್ಲಿ ಅದಕ್ಕಿಂತ ಸುಖದ ಹೊತ್ತಿಲ್ಲ. ತುಂಡುಗಳನ್ನು ಬದಲಾಯಿಸಿಕೊಳ್ಳುವುದೂ ಆಗಲೇ. ನನ್ನ ಹಸಿರು ಖಣ ವೈನಿಯವರಿಗೆ, ಅವರ ಕೆಂಪು ಸೆರಗು ನನಗೆ.

ಕೌದಿಗೆ ಹಳೇ ಹತ್ತಿಬಟ್ಟೆಯೇ ಆಗಬೇಕು. ನೂರಾರು ಸಲ ಒಗೆಸಿಕೊಂಡು ಗಂಜಿ ಬಿಟ್ಟ ಅರಿವೆಯಲ್ಲಿ ಸೂಜಿ ಸಲೀಸಾಗಿ ಇಳಿಯುತ್ತದೆ, ಮೈಗೂ ಮೆತ್ತಗೆ. ಹೊಸ ಬಟ್ಟೆ ಮೊದಲ ಒಗೆತದಲ್ಲೇ ಮುದುಡಿ ಪಕ್ಕದ ತೇಪೆಯನ್ನೂ ಎಳೆಯುತ್ತದೆ. ಒಂದು ವರ್ಷ ಬಣ್ಣಕ್ಕೆ ಮರುಳಾಗಿ ಹೊಸ ಕೆಂಪು ಅರಿವೆ ಸೇರಿಸಿದೆ. ಅದು ಬಣ್ಣ ಬಿಟ್ಟು ಬಿಳಿ ಧೋತರವೆಲ್ಲ ಗುಲಾಬಿಯಾಯಿತು. ಪಾಲಿಸ್ಟರ್ ಸೀರೆ ಪದರಿನೊಳಗೆ ಜಾರುತ್ತದೆ, ಬೆವರನ್ನೂ ಹೀರುವುದಿಲ್ಲ. ಈಗಿನ ಮನೆಗಳಲ್ಲಿ ಸಿಗುವುದು ಹೆಚ್ಚಾಗಿ ಅಂಥವೇ. ಅದಕ್ಕೇ ಹತ್ತಿಯ ಒಂದು ಚೂರು ಕಂಡರೂ ನಾನು ಬಿಡುವುದಿಲ್ಲ.

ಆರು ಗಜದ ಸೀರೆಯನ್ನು ನಡುವೆ ಕತ್ತರಿಸಿ ಪಕ್ಕಪಕ್ಕ ಜೋಡಿಸಿದರೆ ಇಬ್ಬರು ಹೊದೆಯುವಷ್ಟು ಅಗಲ. ಅದನ್ನು ನೆಲಕ್ಕೆ ಹಾಸಿ, ಸುಕ್ಕು ತೆಗೆದು, ನಾಲ್ಕು ಮೂಲೆಗೆ ಕಲ್ಲಿಡುತ್ತೇವೆ. ಮೇಲೆ ಇನ್ನೆರಡು ಮೂರು ಪದರು, ಅದರ ಮೇಲೆ ಚೌಕ, ತ್ರಿಕೋನದ ತೇಪೆ. ಪದರು ಸರಿಯದಂತೆ ಮೊದಲು ದೂರದೂರ ಟಾಕು ಹಾಕಿ, ಆಮೇಲೆ ನಾಲ್ಕು ಬದಿಗೆ ನಾಲ್ವರು ಕೂತು ಅಂಚಿನಿಂದ ಒಳಗೆ ಒಂದೇ ಓಟದ ಹೊಲಿಗೆ. ಸಾಲಿನಿಂದ ಸಾಲಿಗೆ ಒಂದು ಬೆರಳಿನ ಅಂತರ. ಸಾಲು ಒತ್ತಾಗಿದ್ದರೆ ಪದರುಗಳು ಒಂದಾಗಿ ಹಿಡಿದುಕೊಳ್ಳುತ್ತವೆ, ವರ್ಷಗಟ್ಟಲೆ ಒಗೆದರೂ ಗುಡ್ಡೆಯಾಗುವುದಿಲ್ಲ. ಸುತ್ತು ಕಿರಿದಾದಂತೆ ನಾವೂ ಹತ್ತಿರವಾಗುತ್ತ ಹೋಗುತ್ತೇವೆ. ಅಂಚಿನಲ್ಲಿದ್ದಾಗ ಕೂಗಿ ಆಡಿದ ಮಾತು ನಡುವಿಗೆ ಬಂದಾಗ ಪಿಸುಮಾತಾಗಿರುತ್ತದೆ. ಸೊಸೆಗೆ ಹೇಳದ್ದು, ಗಂಡನಿಗೆ ಹೇಳದ್ದು ಅಲ್ಲಿ ಬರುತ್ತದೆ.

ಹಿಂದೆ ಗೊಂದಲಿಗರ ಹೆಣ್ಣುಮಕ್ಕಳು ಮನೆಮನೆಗೆ ಬಂದು ಕೌದಿ ಹೊಲಿದುಕೊಡುತ್ತಿದ್ದರು. ನಮ್ಮವ್ವ ಅವರ ಪಕ್ಕ ಕೂತೇ ಕಲಿತಳು. ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವುದಕ್ಕೆ ಕವಂದಿ ಎನ್ನುತ್ತಾರೆ. ಪೋರ್ಚುಗೀಸರ ಕಾಲದಲ್ಲಿ ಗೋವೆಗೆ ತಂದ ಆಫ್ರಿಕದ ಜನ ಅವರ ಹಿರೀಕರು. ಅವರೂ ಮೂಲೆಯಿಂದ ಶುರುಮಾಡಿ ನಡುವಿಗೆ ಬರುತ್ತಾರೆ, ಆದರೆ ತೇಪೆಗಳನ್ನು ಹೊಲಿಯುತ್ತ ಹೊಲಿಯುತ್ತಲೇ ಜೋಡಿಸುತ್ತಾರೆ. ಕೊನೆಗೆ ನಾಲ್ಕೂ ಮೂಲೆಗೆ ಬಟ್ಟೆ ಮಡಚಿ 'ಫೂಲ' ಎಂಬ ಪುಟ್ಟ ಹೂ ಇಡುತ್ತಾರೆ. ಅದಿಲ್ಲದ ಕವಂದಿ ಅವರಿಗೆ ಬತ್ತಲೆ. ಅದನ್ನು ಕೇಳಿದಾಗಿನಿಂದ ನನ್ನ ಕೌದಿಯ ಮೂಲೆಗೂ ಒಂದು ಚೂರು ಖಣ ಮಡಚಿ ಹೊಲಿಯುತ್ತೇನೆ.

ದಸರೆ ಬಂತೆಂದರೆ ಮನೆಯ ಕೌದಿಗಳೆಲ್ಲ ಹಳ್ಳಕ್ಕೆ ಹೋಗುತ್ತವೆ. ನೀರು ಕುಡಿದ ಕೌದಿಯನ್ನು ಒಬ್ಬಳೇ ಎತ್ತಲಾಗದು. ಆ ಕಡೆ ವೈನಿ, ಈ ಕಡೆ ನಾನು ಹಿಡಿದು ಹಿಂಡುತ್ತೇವೆ. ಹೋದ ವರ್ಷ ಬಂಡೆಯ ಮೇಲೆ ಅವರ ಕೌದಿ ಹರವುವಾಗ ನಡುವಿನಲ್ಲಿ ನನ್ನ ಹಸಿರು ಖಣ ಕಂಡಿತು. ನಮ್ಮವ್ವ ನಾಗರ ಪಂಚಮಿಗೆ ಉಡುತ್ತಿದ್ದ ಸೀರೆಯ ಕುಪ್ಪಸ ಅದು. ಈಗ ಅದನ್ನು ವೈನಿಯವರ ಮೊಮ್ಮಗಳು ಹೊದೆಯುತ್ತಾಳೆ.