ಮುತ್ತಿಗೆಯ ನಡುವೆ ಕೊಂಡ ಹೊಲ ಅಥವಾ ಪ್ರವಾದನೆಯಂತೆ ಬಾಳುವ ಬಗೆ

ವರ್ಷದ ಕೊನೆಯ ರಾತ್ರಿ ದೇವಾಲಯದಲ್ಲಿ ಕೂಡಿ ಪ್ರಾರ್ಥಿಸಿ, ಹೊಸ ವರ್ಷದ ವಾಗ್ದಾನವೆಂದು ಒಂದು ವೇದವಾಕ್ಯವನ್ನು ಮನೆಗೆ ತಂದು ಗೋಡೆಗೆ ತೂಗಹಾಕುವ ಪದ್ಧತಿಯು ನಮ್ಮ ಕ್ರೈಸ್ತ ಕುಟುಂಬಗಳಲ್ಲಿ ಅನೇಕರಿಗೆ ಪ್ರಿಯವಾದುದು. ಹಾಗೆ ತೂಗುವ ವಾಕ್ಯಗಳಲ್ಲಿ ಯೆರೆಮೀಯನ ಗ್ರಂಥದ ೨೯ನೆಯ ಅಧ್ಯಾಯದ ೧೧ನೆಯ ವಚನವು ಬಹುಮಂದಿಗೆ ಪರಿಚಿತವು. ದೇವರು ತನ್ನ ಜನರಿಗೆ ಹಿತವನ್ನೇ ಯೋಚಿಸಿರುವನು, ಅವರ ಮುಂದಿನ ಗತಿಯು ಒಳ್ಳೆಯದಾಗುವುದು ಎಂಬುದು ಅದರ ತಾತ್ಪರ್ಯ. ಆದರೆ ಅದಕ್ಕೆ ಮುಂಚಿನ ಹತ್ತು ವಚನಗಳನ್ನು ಗಮನಿಸಿ ಓದಿದವರೆಷ್ಟು ಮಂದಿ?

ಪ್ರವಾದನೆಯ ವಿಷಯದಲ್ಲಿ ನಾವು ಎರಡು ಬಗೆಯಲ್ಲಿ ತಪ್ಪುವುದುಂಟು. ಕೆಲವರು ಅದನ್ನು ಪಂಚಾಂಗದಂತೆ ಹಿಡಿದು, ಯುದ್ಧ, ಕ್ಷಾಮ, ಭೂಕಂಪಗಳ ಸುದ್ದಿ ಬಂದಾಗಲೆಲ್ಲ ಬೆರಳೆಣಿಸಿ ಲೋಕಾಂತ್ಯದ ದಿನವನ್ನು ಗೊತ್ತುಮಾಡಹೊರಡುವರು. ಬೇರೆ ಕೆಲವರು ದಾನಿಯೇಲ, ಪ್ರಕಟನೆ ಎಂಬ ಹೆಸರು ಕೇಳಿದೊಡನೆಯೇ ಅದೆಲ್ಲ ಪಂಡಿತರ ಪಾಲೆಂದು ಪುಟವನ್ನು ತಿರುವಿಬಿಡುವರು. ಪ್ರವಾದನೆಯು ಗೃಹಸ್ಥನಿಗೆ ಇಂದಿನ ಕೆಲಸವನ್ನು ಕಲಿಸಲು ಬಂದುದೆಂಬುದನ್ನು ಈ ಇಬ್ಬರೂ ಮರೆಯುವರು. ಯೆರೆಮೀಯನ ಚರಿತ್ರೆಯನ್ನು ನೋಡಿದರೆ ಇದು ಸ್ಪಷ್ಟವಾಗುವುದು.

ಕ್ರಿ. ಪೂ. ೫೯೭ರಲ್ಲಿ ಬಾಬೆಲಿನ ಅರಸನಾದ ನೆಬೂಕದ್ನೆಚ್ಚರನು ಯೆರೂಸಲೇಮನ್ನು ವಶಪಡಿಸಿಕೊಂಡು, ಅಲ್ಲಿಯ ಅರಸನನ್ನೂ ಪ್ರಮುಖರನ್ನೂ ಕುಶಲ ಕೆಲಸಗಾರರನ್ನೂ ಸೆರೆಯೊಯ್ದನು. ಮನೆಮಠಗಳನ್ನು ಕಳೆದುಕೊಂಡವರಿಗೆ ಬೇಗನೆ ಬಿಡುಗಡೆಯಾಗುವುದೆಂಬ ಮಾತಿಗಿಂತ ಇನ್ನಾವುದು ಸಿಹಿ? ಹನನ್ಯನೆಂಬುವನು ಎರಡೇ ವರ್ಷಗಳಲ್ಲಿ ಎಲ್ಲರೂ ಹಿಂದಿರುಗುವರೆಂದು ದೇವಾಲಯದಲ್ಲಿ ಸಾರಿದನು. ಯೆರೆಮೀಯನಾದರೋ ಸೆರೆಯವರಿಗೆ ಬೇರೊಂದು ಬಗೆಯ ಕಾಗದವನ್ನು ಬರೆದನು. ಅವರು ಅಲ್ಲಿಯೇ ಮನೆ ಕಟ್ಟಿಕೊಳ್ಳಬೇಕು, ತೋಟ ಮಾಡಿ ಫಲವನ್ನುಣ್ಣಬೇಕು, ಮಕ್ಕಳಿಗೆ ಮದುವೆ ಮಾಡಬೇಕು, ತಮ್ಮನ್ನು ಸೆರೆಯೊಯ್ದ ಪಟ್ಟಣದ ಕ್ಷೇಮಕ್ಕಾಗಿಯೇ ಪ್ರಾರ್ಥಿಸಬೇಕು. ಎಪ್ಪತ್ತು ವರ್ಷಗಳು ತುಂಬಿದ ಮೇಲೆ ದೇವರು ಅವರನ್ನು ಬರಮಾಡುವನು. ನಾವು ಗೋಡೆಗೆ ತೂಗಹಾಕುವ ವಾಗ್ದಾನವು ಇರುವುದು ಈ ಕಾಗದದಲ್ಲಿಯೇ. ಎಪ್ಪತ್ತು ವರ್ಷವೆಂದರೆ, ಕಾಗದವನ್ನು ಓದಿದ ಯಜಮಾನನಿಗೆ ಮರಳುವ ಆಸೆಯಿಲ್ಲ. ಅವನ ಮೊಮ್ಮಕ್ಕಳಿಗೆ ಉಂಟು.

ಸೆರೆಹೋದ ಜನರಲ್ಲಿ ಅನೇಕರು ಹೀಗೆಯೇ ನೆಲೆಸಿ ಬಾಳಿದರೆಂಬುದಕ್ಕೆ ಬೇರೆ ಸಾಕ್ಷ್ಯವೂ ಉಂಟು. ೨೦೧೪ರಲ್ಲಿ ವಿದ್ವಾಂಸರು ಪ್ರಕಟಿಸಿದ ಬಾಬೆಲ್ ಸೀಮೆಯ ಮಣ್ಣಿನ ಫಲಕಗಳಲ್ಲಿ, ಯೆಹೂದದ ಊರು ಎಂಬರ್ಥದ ಅಲ್‌ಯಾಹೂದು ಎಂಬ ಗ್ರಾಮದ ಲೆಕ್ಕಪತ್ರಗಳಿವೆ. ಅವುಗಳಲ್ಲಿ ಅತ್ಯಂತ ಹಳೆಯದು ಕ್ರಿ. ಪೂ. ೫೭೨ರದು. ಜವೆಗೋದಿಯ ಸಾಲ, ಖರ್ಜೂರದ ಬಾಕಿ, ಹೊಲದ ಗುತ್ತಿಗೆ ಇವೇ ಅವುಗಳ ವಿಷಯ.

ಇನ್ನು ಯೆರೆಮೀಯನು ತಾನು ಹೇಳಿದಂತೆ ನಡೆದನೇ? ಸುಮಾರು ಕ್ರಿ. ಪೂ. ೫೮೭ರಲ್ಲಿ ಯೆರೂಸಲೇಮು ಮತ್ತೆ ಮುತ್ತಿಗೆಗೆ ಸಿಕ್ಕಿತ್ತು. ಪಟ್ಟಣವು ಶತ್ರುವಶವಾಗುವುದೆಂದು ನುಡಿದುದಕ್ಕಾಗಿ ಯೆರೆಮೀಯನು ಕಾವಲಿನವರ ಅಂಗಳದಲ್ಲಿ ಬಂಧಿಯಾಗಿದ್ದನು. ಆಗ ಅವನ ಚಿಕ್ಕಪ್ಪನ ಮಗನಾದ ಹನಮೇಲನು ಬಂದು, ಅನಾತೋತಿನಲ್ಲಿದ್ದ ತನ್ನ ಹೊಲವನ್ನು ಕೊಂಡುಕೊಳ್ಳೆಂದು ಕೇಳಿದನು. ಅನಾತೋತು ಯೆರೂಸಲೇಮಿಗೆ ಹತ್ತಿರದ ಊರು. ಆ ಸೀಮೆಯೆಲ್ಲ ಶತ್ರು ಸೈನ್ಯದ ಕೈಯಲ್ಲಿತ್ತು. ಅಂಥ ಹೊಲಕ್ಕೆ ಬುದ್ಧಿಯುಳ್ಳವನು ಯಾರು ತಾನೇ ಹಣ ಕೊಡುವನು? ಯೆರೆಮೀಯನು ಕೊಟ್ಟನು. ಹದಿನೇಳು ಶೆಕೆಲ್ ಬೆಳ್ಳಿಯನ್ನು ತಕ್ಕಡಿಯಲ್ಲಿ ತೂಗಿಕೊಟ್ಟನು. ಒಂದು ಶೆಕೆಲೆಂದರೆ ಹೆಚ್ಚುಕಡಿಮೆ ನಮ್ಮ ಒಂದು ತೊಲ. ಕ್ರಯಪತ್ರಕ್ಕೆ ಸಾಕ್ಷಿಗಳಿಂದ ರುಜು ಹಾಕಿಸಿ, ಮುದ್ರೆಯೊತ್ತಿದ ಪತ್ರವನ್ನೂ ತೆರೆದ ಪ್ರತಿಯನ್ನೂ ಬಾರೂಕನ ಕೈಗೆ ಕೊಟ್ಟು, ಬಹುಕಾಲ ಉಳಿಯುವಂತೆ ಮಣ್ಣಿನ ಗಡಿಗೆಯಲ್ಲಿ ಇಡಿಸಿದನು. ಈ ದೇಶದಲ್ಲಿ ಮತ್ತೆ ಮನೆ, ಹೊಲ, ದ್ರಾಕ್ಷೆಯ ತೋಟಗಳ ಕ್ರಯವಿಕ್ರಯವು ನಡೆಯುವುದೆಂಬುದೇ ಅವನು ನುಡಿದ ಪ್ರವಾದನೆ. ಅದನ್ನು ಅವನು ನಾಲಗೆಯಿಂದ ಮಾತ್ರ ನುಡಿಯದೆ ತನ್ನ ಗಂಟಿನ ಬೆಳ್ಳಿಯಿಂದಲೂ ನುಡಿದನು.

ಅವನು ಆ ಹೊಲವನ್ನು ಉತ್ತನೆಂದು ಗ್ರಂಥದಲ್ಲೆಲ್ಲಿಯೂ ಇಲ್ಲ. ಪಟ್ಟಣವು ಸುಟ್ಟುಹೋಯಿತು, ಅವನನ್ನು ಸ್ವಜನರೇ ಐಗುಪ್ತಕ್ಕೆ ಕರೆದೊಯ್ದರು. ಆದರೆ ಕ್ರಿ. ಪೂ. ೫೩೯ರಲ್ಲಿ ಪಾರಸಿಯ ಕೋರೆಷನು ಬಾಬೆಲನ್ನು ಗೆದ್ದ ಮೇಲೆ ಸ್ವದೇಶಕ್ಕೆ ಮರಳಿದವರ ಪಟ್ಟಿಯು ಎಜ್ರನ ಗ್ರಂಥದಲ್ಲಿದೆ. ಹೆಸರುಗಳೇ ತುಂಬಿದ ಆ ಅಧ್ಯಾಯವನ್ನು ನಾವು ಬೇಸರದಿಂದ ದಾಟಿಬಿಡುವೆವು. ಅದರಲ್ಲಿ ಒಂದು ಸಾಲು, ಅನಾತೋತಿನವರು ೧೨೮ ಮಂದಿ ಎಂದು ತಿಳಿಸುವುದು.

ಇದಕ್ಕೆ ಎದುರಾಗಿ ಇನ್ನೊಂದು ಚರಿತ್ರೆಯನ್ನು ನೋಡೋಣ. ಅಮೆರಿಕೆಯ ನ್ಯೂಯಾರ್ಕ್ ಪ್ರಾಂತದಲ್ಲಿ ವಿಲಿಯಂ ಮಿಲ್ಲರನೆಂಬ ಬೇಸಾಯಗಾರನಿದ್ದನು. ಅವನು ಸಜ್ಜನನು, ವೇದವನ್ನು ಶ್ರದ್ಧೆಯಿಂದ ಓದಿದವನು. ದಾನಿಯೇಲನ ಗ್ರಂಥದ ೨೩೦೦ ದಿನಗಳನ್ನು ವರ್ಷಗಳೆಂದು ಭಾವಿಸಿ, ಕ್ರಿ. ಪೂ. ೪೫೭ರಿಂದ ಎಣಿಸಿ, ಕ್ರಿಸ್ತನ ಪುನರಾಗಮನವು ೧೮೪೩ರ ಸುಮಾರಿಗೆ ಆಗುವುದೆಂದು ಸಾರಿದನು. ಆ ಕಾಲವು ಕಳೆಯಲು, ಅವನ ಅನುಯಾಯಿಗಳು ೧೮೪೪ನೆಯ ಅಕ್ಟೋಬರ್ ೨೨ ಎಂದು ದಿನವನ್ನೇ ಗೊತ್ತುಮಾಡಿದರು. ಕೆಲವರು ಬೆಳೆಯನ್ನು ಕೊಯ್ಯದೆ ಹೊಲದಲ್ಲಿಯೇ ಬಿಟ್ಟರು. ಆ ದಿನವು ಎಲ್ಲ ದಿನಗಳಂತೆಯೇ ಬಂದು ಹೋಯಿತು. ಮಿಲ್ಲರನು ತನ್ನ ಲೆಕ್ಕ ತಪ್ಪಿತೆಂದು ಬಹಿರಂಗವಾಗಿ ಒಪ್ಪಿಕೊಂಡುದು ಅವನ ದೊಡ್ಡತನವು. ಆದರೆ ನಂಬಿದವರ ಮರುದಿನದ ಕಣ್ಣೀರಿಗೆ ಲೆಕ್ಕವಿಲ್ಲ.

ಅದೇ ದೇಶದ ಕನೆಕ್ಟಿಕಟ್ ಪ್ರಾಂತದಲ್ಲಿ ೧೭೮೦ನೆಯ ಮೇ ೧೯ರಂದು ಹಗಲಿನಲ್ಲಿಯೇ ಕತ್ತಲು ಕವಿಯಿತು. ಕಾಡುಗಿಚ್ಚಿನ ಹೊಗೆಯೇ ಅದಕ್ಕೆ ಕಾರಣವೆಂದು ಈಗ ತಿಳಿದಿದೆ. ಅಂದು ಜನರು ನ್ಯಾಯತೀರ್ಪಿನ ದಿನವೇ ಬಂದಿತೆಂದು ಬೆದರಿದರು. ಆಲೋಚನಾ ಸಭೆಯನ್ನು ಮುಗಿಸಿಬಿಡೋಣವೆಂಬ ಮಾತು ಬಂದಾಗ, ಅಬ್ರಹಾಂ ಡೇವನ್‌ಪೋರ್ಟನೆಂಬ ಸಭಿಕನು ಒಪ್ಪಲಿಲ್ಲ. ಆ ದಿನವು ಬಂದಿರದಿದ್ದರೆ ಏಳಲು ಕಾರಣವಿಲ್ಲ. ಬಂದಿದ್ದರೆ ತಾನು ಕರ್ತವ್ಯದಲ್ಲಿರುವಂತೆಯೇ ಕಾಣಿಸಿಕೊಳ್ಳುವೆನು ಎಂದು ಹೇಳಿ, ಮೇಣದ ಬತ್ತಿಗಳನ್ನು ತರಬೇಕೆಂದು ಕೋರಿದನು.

ಪ್ರಿಯ ವಾಚಕರೇ, ಆ ದಿನವೂ ಗಳಿಗೆಯೂ ತಂದೆಗಲ್ಲದೆ ಯಾರಿಗೂ ತಿಳಿಯದೆಂದು ಯೇಸುಸ್ವಾಮಿಯೇ ಹೇಳಿರುವನು. ಆದಕಾರಣ ಯಾವನಾದರೂ ದಿನವನ್ನು ಹೆಸರಿಸಿ, ಭೂಮಿಯನ್ನು ಮಾರಿರಿ, ಮಕ್ಕಳ ಓದನ್ನು ಬಿಡಿಸಿರಿ ಎಂದು ಬೋಧಿಸಿದರೆ, ಹನನ್ಯನನ್ನು ನೆನೆಯತಕ್ಕದ್ದು. ಕೆಲಸ ಬಿಟ್ಟು ಅಲೆಯುತ್ತಿದ್ದ ಥೆಸಲೋನಿಕದವರಿಗೆ ಪೌಲನು, ನೆಮ್ಮದಿಯಿಂದ ದುಡಿದು ತಮ್ಮ ಅನ್ನವನ್ನೇ ಉಣ್ಣಬೇಕೆಂದು ಬುದ್ಧಿ ಹೇಳಿದನು.

ಮನೆಯ ಪ್ರಾರ್ಥನೆಯ ವೇಳೆಯಲ್ಲಿ ಪ್ರವಾದನೆಯ ವಾಕ್ಯ ಬಂದಾಗ ಅಧ್ಯಾಯವನ್ನೆಲ್ಲ ಓದಿರಿ. ಪ್ರವಾದಿಯು ಮೊದಲು ಕೇಳಿದವರಿಗೆ ಏನು ಮಾಡಹೇಳಿದನೆಂದು ಮಕ್ಕಳನ್ನೇ ಕೇಳಿರಿ. ನೆರೆಯವನಿಂದ ಬಿಟ್ಟಿ ಕೆಲಸ ಮಾಡಿಸಿ ಕೂಲಿ ಕೊಡದೆ ಮನೆ ಕಟ್ಟುವವನ ಗತಿಯನ್ನು ಯೆರೆಮೀಯನೇ ೨೨ನೆಯ ಅಧ್ಯಾಯದಲ್ಲಿ ಹೇಳಿರುವನು. ಅದನ್ನು ಓದಿದ ದಿನ, ನಮ್ಮ ಮನೆಯಲ್ಲಿ ದುಡಿಯುವವರ ಕೂಲಿ ಬಾಕಿಯಿದೆಯೇ ಎಂದು ನೋಡಿ, ಇದ್ದರೆ ಸೂರ್ಯ ಮುಳುಗುವುದರೊಳಗೆ ತೀರಿಸಿದರೆ, ಆ ಪ್ರವಾದನೆಯನ್ನು ಅರ್ಥಮಾಡಿಕೊಂಡಂತಾಯಿತು. ವಾಗ್ದಾನದ ವಾಕ್ಯವು ಗೋಡೆಯ ಮೇಲಿರಲಿ. ಮೊಮ್ಮಕ್ಕಳು ಕಾಯಿ ಕೀಳುವಂತೆ ಹಿತ್ತಲಿನಲ್ಲಿ ಒಂದು ತೆಂಗಿನ ಸಸಿಯನ್ನೂ ನೆಡೋಣ.