ವಾಯಿದಾ ಪೇಟೆಯ ಯಾಂತ್ರಿಕ ಪದ್ಧತಿಗಳು: ಬಂಡವಾಳ ಹೂಡುವ ಮುನ್ನ ಪರೀಕ್ಷಿಸುವ ಬಗೆ

ಚಿನ್ನ, ಬೆಳ್ಳಿ, ಕಚ್ಚಾ ತೈಲ, ಅರಿಸಿನ, ಜೀರಿಗೆ ಮೊದಲಾದ ಸರಕುಗಳ ವಾಯಿದಾ ವಹಿವಾಟಿನಲ್ಲಿ ತೊಡಗಿರುವ ವರ್ತಕರಿಗೆ ‘ಯಾಂತ್ರಿಕ ಪದ್ಧತಿ’ಗಳನ್ನು ಮಾರುವವರ ಕೊರತೆಯಿಲ್ಲ. ಯಾವ ಧಾರಣೆಗೆ ಕೊಳ್ಳಬೇಕು, ಎಲ್ಲಿ ಹೊರಬರಬೇಕು, ಎಷ್ಟು ಲಾಟ್ ಹಿಡಿಯಬೇಕು ಎಂಬುದನ್ನೆಲ್ಲ ಮೊದಲೇ ಗೊತ್ತುಪಡಿಸಿದ ಸೂತ್ರಗಳಿಂದ ನಿರ್ಧರಿಸುವ ವಿಧಾನಕ್ಕೆ ಈ ಹೆಸರು. ಮಾರಾಟಗಾರರು ಸಾಮಾನ್ಯವಾಗಿ ಹತ್ತು ವರ್ಷಗಳ ಹಳೆಯ ಧಾರಣೆಗಳ ಮೇಲೆ ಸೂತ್ರವನ್ನು ಓಡಿಸಿ, ಒಂದೇ ಸಮನೆ ಮೇಲೇರುವ ಗೆರೆಯೊಂದನ್ನು ಗಣಕದ ಪರದೆಯಲ್ಲಿ ತೋರಿಸುತ್ತಾರೆ. ಆ ಗೆರೆಯನ್ನು ನಂಬಿ ಅಂಗಡಿಯ ದುಡಿಯುವ ಬಂಡವಾಳವನ್ನು ಮಾರ್ಜಿನ್‌ಗೆ ಕಟ್ಟುವ ವರ್ತಕನಿಗೆ ಅದರ ಹಿಂದಿನ ಲೆಕ್ಕ ತಿಳಿದಿರಬೇಕಾದುದು ಅಗತ್ಯ.

ಇಂತಹ ಪದ್ಧತಿಗಳಲ್ಲಿ ಅತ್ಯಂತ ಹೆಸರಾದುದು ಅಮೆರಿಕದ ‘ಟರ್ಟಲ್’ ಪದ್ಧತಿ. ಷಿಕಾಗೋದ ವ್ಯಾಪಾರಿ ರಿಚರ್ಡ್ ಡೆನಿಸ್ ಮತ್ತು ಅವರ ಸಹವರ್ತಿ ವಿಲಿಯಂ ಎಕ್‌ಹಾರ್ಟ್ 1983ರ ಕೊನೆಯಲ್ಲಿ ಪತ್ರಿಕೆಗಳಲ್ಲಿ ಜಾಹೀರಾತು ನೀಡಿ ಹೊಸಬರನ್ನು ಆಯ್ದು, ಸೂತ್ರಬದ್ಧ ವ್ಯಾಪಾರವನ್ನು ಕಲಿಸಿದರು. ಧಾರಣೆಯು ಹಿಂದಿನ 20 ದಿನಗಳ ಗರಿಷ್ಠ ಮಟ್ಟವನ್ನು ದಾಟಿದರೆ ಕೊಳ್ಳುವುದು, 10 ದಿನಗಳ ಕನಿಷ್ಠ ಮಟ್ಟಕ್ಕಿಂತ ಇಳಿದರೆ ಹೊರಬರುವುದು ಅದರ ಒಂದು ಮುಖ್ಯ ಸೂತ್ರ. ಸರಕಿನ ದೈನಂದಿನ ಏರಿಳಿತ ಹೆಚ್ಚಿದಷ್ಟೂ ಲಾಟ್‌ಗಳ ಸಂಖ್ಯೆಯನ್ನು ಇಳಿಸುವುದು ಇನ್ನೊಂದು. ಎರಡನೆಯದೇ ಹೆಚ್ಚು ಬೆಲೆಯುಳ್ಳದ್ದೆಂದು ಹೇಳಬಹುದಾದರೂ ಪದ್ಧತಿ ಕೊಳ್ಳುವವರು ವಿಚಾರಿಸುವುದು ಮೊದಲನೆಯದನ್ನು ಮಾತ್ರ. ಡೆನಿಸ್ ಅವರ ನಿಧಿಗಳೇ 1987–88ರಲ್ಲಿ ಭಾರಿ ನಷ್ಟ ಅನುಭವಿಸಿದವೆಂಬುದನ್ನೂ ಮಾರಾಟಗಾರರು ಸಾಮಾನ್ಯವಾಗಿ ಹೇಳುವುದಿಲ್ಲ.

ಮೊದಲು ನೋಡಬೇಕಾದುದು ಗೆಲುವಿನ ಶೇಕಡಾವಾರು ಅಲ್ಲ. ನೂರಕ್ಕೆ 80 ಬಾರಿ ಗೆಲ್ಲುವ ಪದ್ಧತಿಯು ಪ್ರತಿ ಗೆಲುವಿನಲ್ಲಿ ಸರಾಸರಿ 1,000 ರೂಪಾಯಿ ಗಳಿಸಿ, ಪ್ರತಿ ಸೋಲಿನಲ್ಲಿ 5,000 ರೂಪಾಯಿ ಕಳೆದರೆ, ಪ್ರತಿ ವ್ಯವಹಾರಕ್ಕೆ ಸರಾಸರಿ 200 ರೂಪಾಯಿ ನಷ್ಟವೇ ಉಳಿಯುತ್ತದೆ. ಪ್ರತಿಯಾಗಿ, 40 ಬಾರಿ ಮಾತ್ರ ಗೆದ್ದು, ಗೆಲುವಿಗೆ 3,000 ರೂಪಾಯಿ ಗಳಿಸಿ, ಸೋಲಿಗೆ 1,500 ರೂಪಾಯಿ ಕಳೆಯುವ ಪದ್ಧತಿಯು ಸರಾಸರಿ 300 ರೂಪಾಯಿ ಲಾಭ ತರುತ್ತದೆ. ಧಾರಣೆಯ ಓಟವನ್ನು ಬೆನ್ನಟ್ಟುವ ಪದ್ಧತಿಗಳು ಬಹುತೇಕ ಈ ಎರಡನೆಯ ಬಗೆಯವು. ಇವುಗಳಲ್ಲಿ ಸತತ ಸೋಲುಗಳನ್ನು ತಾಳುವ ಶಕ್ತಿ ಬೇಕು. ನೂರಕ್ಕೆ 60 ಬಾರಿ ಸೋಲುವ ಪದ್ಧತಿಯ 200 ವ್ಯವಹಾರಗಳಲ್ಲಿ, ಒಂದರ ಹಿಂದೊಂದು ಎಂಟು ಸೋಲುಗಳು ಒಮ್ಮೆಯಾದರೂ ಬರುವ ಸಂಭವವೇ ಹೆಚ್ಚು. ಆರನೆಯ ಸೋಲಿನಲ್ಲಿ ಕೈಬಿಟ್ಟವನಿಗೆ ಹತ್ತು ವರ್ಷದ ಸರಾಸರಿಯಿಂದ ಯಾವ ಪ್ರಯೋಜನವೂ ಇಲ್ಲ.

ಆದುದರಿಂದ ಗರಿಷ್ಠ ಕುಸಿತದ ಅಂಕಿಯನ್ನು, ಅಂದರೆ ಬಂಡವಾಳವು ತನ್ನ ಶಿಖರದಿಂದ ಎಷ್ಟು ಆಳಕ್ಕೆ ಇಳಿದಿತ್ತೆಂಬುದನ್ನು, ಕೇಳಿ ಪಡೆಯಬೇಕು. 10 ಲಕ್ಷ ರೂಪಾಯಿ 6 ಲಕ್ಷಕ್ಕೆ ಇಳಿದರೆ ನಷ್ಟ ಶೇ 40. ಮೂಲ ಸ್ಥಿತಿಗೆ ಮರಳಲು ಬೇಕಾದ ಲಾಭ ಮಾತ್ರ ಸುಮಾರು ಶೇ 67. ಹಳೆಯ ಅಂಕಿಅಂಶಗಳಲ್ಲಿ ಕಂಡ ಕುಸಿತಕ್ಕಿಂತ ದೊಡ್ಡದು ಮುಂದೆ ಬಂದೀತೆಂದು ಎಣಿಸಿಯೇ ಬಂಡವಾಳವನ್ನು ಗೊತ್ತುಪಡಿಸಬೇಕಾಗುತ್ತದೆ.

ಲಾಭವನ್ನು ಸದ್ದಿಲ್ಲದೆ ತಿನ್ನುವುದು ಖರ್ಚು. ಎಂಸಿಎಕ್ಸ್‌ನ ಒಂದು ಕಿಲೋ ಚಿನ್ನದ ಕರಾರಿನಲ್ಲಿ ಧಾರಣೆಯನ್ನು 10 ಗ್ರಾಂಗೆ ನಮೂದಿಸುವುದರಿಂದ, ಒಂದು ರೂಪಾಯಿಯ ವ್ಯತ್ಯಾಸವು ಲಾಟ್‌ಗೆ 100 ರೂಪಾಯಿ ಆಗುತ್ತದೆ. ಸೂತ್ರ ಸೂಚಿಸಿದ ಧಾರಣೆಗಿಂತ 10 ರೂಪಾಯಿ ಹೆಚ್ಚಿಗೆ ಕೊಂಡು, 10 ರೂಪಾಯಿ ಕಡಿಮೆಗೆ ಮಾರಿದರೆ 2,000 ರೂಪಾಯಿ ಅಲ್ಲಿಗೇ ಹೋಯಿತು. ಚಿನ್ನ 10 ಗ್ರಾಂಗೆ 1 ಲಕ್ಷ ರೂಪಾಯಿ ಎಂದಿಟ್ಟುಕೊಂಡರೆ, ಕೃಷಿಯೇತರ ಸರಕುಗಳ ಮಾರಾಟದ ಮೇಲೆ 2013ರ ಜುಲೈಯಲ್ಲಿ ಜಾರಿಗೆ ಬಂದ ಶೇ 0.01ರ ವಹಿವಾಟು ತೆರಿಗೆಯ ಪ್ರಕಾರ ಲಾಟ್‌ಗೆ 1,000 ರೂಪಾಯಿ ತೆರಬೇಕು. ದಲ್ಲಾಳಿ ಶುಲ್ಕ ಇದರ ಮೇಲೆ. ಹಿಂದೆ ಹೇಳಿದ 300 ರೂಪಾಯಿ ಸರಾಸರಿ ಲಾಭದ ಪದ್ಧತಿಗೆ ಎಲ್ಲ ಖರ್ಚೂ ಸೇರಿ 250 ರೂಪಾಯಿ ತಗಲಿದರೆ ಉಳಿಯುವುದು 50 ಮಾತ್ರ. ದಿನಕ್ಕೆ ಹತ್ತಾರು ಬಾರಿ ಕೊಂಡು ಮಾರುವ ಪದ್ಧತಿಗಳನ್ನು ಈ ದೃಷ್ಟಿಯಿಂದ ವಿಶೇಷವಾಗಿ ಶಂಕಿಸಬೇಕು.

ಹಳೆಯ ಧಾರಣೆಗಳನ್ನು ಜೋಡಿಸಿದ ರೀತಿಯಲ್ಲಿಯೂ ಮೋಸ ಹೋಗುವುದುಂಟು. ವಾಯಿದಾ ಕರಾರು ತಿಂಗಳಿಗೋ ಎರಡು ತಿಂಗಳಿಗೋ ಮುಗಿಯುತ್ತದೆ. ಜೂನ್ ಕರಾರು 6,000 ರೂಪಾಯಿಗೆ ಮುಗಿಯುವಾಗ ಜುಲೈ ಕರಾರು 6,150ರಲ್ಲಿದ್ದರೆ, ಎರಡನ್ನೂ ಹಾಗೆಯೇ ಹೊಂದಿಸಿದಾಗ ಕೊಂಡವನಿಗೆ 150 ರೂಪಾಯಿ ಲಾಭ ಬಂದಂತೆ ತೋರುತ್ತದೆ. ವಾಸ್ತವದಲ್ಲಿ ಯಾರಿಗೂ ಅದು ದೊರೆತಿರುವುದಿಲ್ಲ. ಇನ್ನು, 17 ದಿನಗಳ ಸೂತ್ರವು ಅದ್ಭುತ ಲಾಭ ತೋರಿ, 15 ಅಥವಾ 20 ದಿನಗಳ ಸೂತ್ರವು ನಷ್ಟ ತೋರಿದರೆ, ಅದು ನೂರಾರು ಅಂಕಿಗಳನ್ನು ತಡಕಾಡಿ ಹಳೆಯ ಧಾರಣೆಗೆ ಅಳತೆ ಕೊಟ್ಟು ಹೊಲಿಸಿದ ಅಂಗಿ ಎಂದೇ ತಿಳಿಯಬೇಕು. ಸೂತ್ರ ರೂಪಿಸುವಾಗ ಕೊನೆಯ ಮೂರು ವರ್ಷಗಳ ಧಾರಣೆಯನ್ನು ಮುಟ್ಟದೆ ಬದಿಗಿರಿಸಿ, ನಂತರ ಅದರ ಮೇಲೆ ಒಂದೇ ಒಂದು ಬಾರಿ ಪರೀಕ್ಷಿಸುವುದು ಇದಕ್ಕೆ ಪರಿಹಾರ. ಫಲಿತಾಂಶ ಹಿಡಿಸಲಿಲ್ಲವೆಂದು ಸೂತ್ರವನ್ನು ತಿದ್ದಿ ಮತ್ತೆ ಓಡಿಸಿದರೆ ಆ ಮೂರು ವರ್ಷಗಳೂ ಕೆಟ್ಟಂತೆಯೇ.

ಪೇಟೆಯೇ ಮುಚ್ಚಿಹೋಗುವ ಅಪಾಯವನ್ನು ಭಾರತದ ವರ್ತಕರು ಪ್ರತ್ಯೇಕವಾಗಿ ಲೆಕ್ಕಕ್ಕೆ ಹಿಡಿಯಬೇಕು. 2007ರ ಜನವರಿಯಲ್ಲಿ ತೊಗರಿ ಮತ್ತು ಉದ್ದಿನ ವಾಯಿದಾ ನಿಷೇಧವಾದಾಗ ಕಲಬುರಗಿಯಂತಹ ತೊಗರಿ ಪೇಟೆಯ ವರ್ತಕರಿಗೆ ಆ ದಾರಿಯೇ ಇಲ್ಲವಾಯಿತು. ಗೋರಿಕಾಯಿ ಜಾತಿಯ ಗುವಾರ್ ಬೀಜದ ವಾಯಿದಾ 2012ರ ಮಾರ್ಚ್‌ನಲ್ಲಿ ನಿಂತು, 2013ರ ಮೇಯಲ್ಲಿ ಪುನರಾರಂಭವಾಯಿತು. 2021ರ ಡಿಸೆಂಬರ್‌ನಲ್ಲಿ ಸೆಬಿಯು ಕಡಲೆ, ಗೋಧಿ, ಸೋಯಾ ಸೇರಿದಂತೆ ಏಳು ಸರಕುಗಳ ವಾಯಿದಾ ವಹಿವಾಟನ್ನು ಅಮಾನತುಗೊಳಿಸಿತು. 2020ರ ಏಪ್ರಿಲ್ 20ರ ಪ್ರಸಂಗವಂತೂ ಇನ್ನೂ ಕಠಿಣ. ಲಾಕ್‌ಡೌನ್ ನಿಮಿತ್ತ ಎಂಸಿಎಕ್ಸ್ ಸಂಜೆ 5 ಗಂಟೆಗೆ ಮುಚ್ಚಿತ್ತು. ರಾತ್ರಿ ಅಮೆರಿಕದ ಕಚ್ಚಾ ತೈಲದ ಧಾರಣೆ ಶೂನ್ಯಕ್ಕಿಂತ ಕೆಳಗಿಳಿಯಿತು, ಇಲ್ಲಿನ ಏಪ್ರಿಲ್ ಕರಾರು ಬ್ಯಾರೆಲ್‌ಗೆ ಋಣ 2,884 ರೂಪಾಯಿಗೆ ಇತ್ಯರ್ಥವಾಯಿತು. 100 ಬ್ಯಾರೆಲ್‌ಗಳ ಒಂದು ಲಾಟ್ ಹಿಡಿದು ರಾತ್ರಿ ಕಳೆದವನಿಗೆ ಮೂರೂವರೆ ಲಕ್ಷಕ್ಕೂ ಮೀರಿದ ನಷ್ಟ. ಯಾವ ‘ಸ್ಟಾಪ್ ಲಾಸ್’ ಆದೇಶವೂ ಮುಚ್ಚಿದ ಪೇಟೆಯಲ್ಲಿ ಕೆಲಸ ಮಾಡಲಾರದು.

ಲಾಭದ ಭರವಸೆ ನೀಡುವ ಪದ್ಧತಿಗಳ ಬಗ್ಗೆ ಸೆಬಿಯು 2022ರ ಸೆಪ್ಟೆಂಬರ್‌ನಲ್ಲಿ ಸುತ್ತೋಲೆ ಹೊರಡಿಸಿ, ಇಂತಹ ಪದ್ಧತಿಗಳ ಹಿಂದಿನ ಅಥವಾ ನಿರೀಕ್ಷಿತ ಗಳಿಕೆಯನ್ನು ದಲ್ಲಾಳಿಗಳು ಪ್ರಸ್ತಾಪಿಸಬಾರದೆಂದು ವಿಧಿಸಿತು. ಆದುದರಿಂದ ಪರದೆಯ ಮೇಲಿನ ಗೆರೆಗಿಂತ, ನಿಜವಾದ ಖಾತೆಯೊಂದರ ಕಾಂಟ್ರ್ಯಾಕ್ಟ್ ನೋಟ್‌ಗಳನ್ನು ತೋರಿಸುವಂತೆ ಕೇಳುವುದು ಲೇಸು. ಅವು ಸಿಗದಿದ್ದಲ್ಲಿ, ಒಂದು ಕಿಲೋ ಕರಾರಿನ ಬದಲು 100 ಗ್ರಾಂನ ಗೋಲ್ಡ್ ಮಿನಿಯಲ್ಲಿ ಆರು ತಿಂಗಳು ವಹಿವಾಟು ನಡೆಸಿ, ಸೂತ್ರ ಸೂಚಿಸಿದ ಧಾರಣೆ ಮತ್ತು ಕೈಗೆ ದೊರೆತ ಧಾರಣೆಗಳನ್ನು ಎರಡು ಅಂಕಣಗಳಲ್ಲಿ ಬರೆದಿಡಬಹುದು. ಎರಡರ ಅಂತರವು ಪದ್ಧತಿಯ ಸರಾಸರಿ ಲಾಭದ ಅರ್ಧವನ್ನು ಮೀರಿದ್ದರೆ ಲಾಟ್ ಹೆಚ್ಚಿಸುವ ಪ್ರಶ್ನೆಯೇ ಏಳುವುದಿಲ್ಲ.