ತೂಕವಿಲ್ಲದ ಎಂಟು ದಿನ: ವ್ಯೋಮಯಾನಿ ರಾಕೇಶ್ ಶರ್ಮಾ

ತಿಪಟೂರು ಸೀಮೆಯ ಮನೆಯ ಅಟ್ಟದಲ್ಲಿ ಒಣಗಿದ ತೆಂಗಿನಕಾಯಿಯನ್ನು ಕಿವಿಯ ಬಳಿ ಅಲುಗಿಸಿದರೆ ಒಳಗಿನ ಕೊಬ್ಬರಿ ಗಿಟುಕು ಸದ್ದು ಮಾಡುವುದನ್ನು ನಮ್ಮ ವಿದ್ಯಾರ್ಥಿಗಳು ಬಲ್ಲರು. ಕಾಯಿ ಕೈಯಲ್ಲಿರುವಾಗ ಗಿಟುಕು ಕರಟದ ತಳವನ್ನು ಒತ್ತಿಕೊಂಡಿರುತ್ತದೆ. ಕೈ ಬಿಟ್ಟೊಡನೆ, ಗಾಳಿಯ ತಡೆಯನ್ನು ಗಣಿಸದಿದ್ದರೆ, ಎರಡೂ ಒಂದೇ ವೇಗೋತ್ಕರ್ಷದಿಂದ ಬೀಳುತ್ತವೆ. ಒಂದು ಇನ್ನೊಂದನ್ನು ಒತ್ತುವುದಿಲ್ಲ. ನೆಲ ಮುಟ್ಟುವವರೆಗೆ ಗಿಟುಕು ಭಾರರಹಿತವಾಗಿರುತ್ತದೆ. ಐದು ಮೀಟರ್ ಎತ್ತರದಿಂದ ಬಿದ್ದರೆ ಈ ಸ್ಥಿತಿ ಕೇವಲ ಒಂದು ಸೆಕೆಂಡಿನದು. ಇದೇ ಸ್ಥಿತಿಯಲ್ಲಿ ಸುಮಾರು ಎಂಟು ದಿನ ಬಾಳಿದ ಮೊದಲ ಭಾರತೀಯರು ರಾಕೇಶ್ ಶರ್ಮಾ.

ಶರ್ಮಾ ಅವರು 1949ರ ಜನವರಿ 13ರಂದು ಪಟಿಯಾಲಾದಲ್ಲಿ ಜನಿಸಿದರು. 1970ರಲ್ಲಿ ವಾಯುಪಡೆಯ ವೈಮಾನಿಕರಾದರು. ಮರುವರ್ಷದ ಯುದ್ಧದಲ್ಲಿ ಮಿಗ್-21 ವಿಮಾನ ನಡೆಸಿದರು. ಭಾರತ–ಸೋವಿಯತ್ ಜಂಟಿ ಯಾನಕ್ಕೆ ಅಭ್ಯರ್ಥಿಗಳನ್ನು ಆರಿಸುವಾಗ ಬೆಂಗಳೂರಿನಲ್ಲಿ ಅವರು ಕಠಿಣ ಪರೀಕ್ಷೆಗಳಿಗೆ ಒಳಗಾದರು. ಕೃತಕ ಬೆಳಕಿನ ಕೋಣೆಯೊಂದರಲ್ಲಿ 72 ಗಂಟೆಗಳ ಕಾಲ ಅವರನ್ನು ಕೂಡಿಹಾಕಲಾಯಿತು. ಇಕ್ಕಟ್ಟಿನ ಜಾಗದಲ್ಲಿ ಮನಸ್ಸು ಅಂಜುವುದೇ ಎಂಬುದನ್ನು ಅರಿಯಬೇಕಾಗಿದ್ದಿತು. 1982ರಲ್ಲಿ ಅವರೂ ರವೀಶ್ ಮಲ್ಹೋತ್ರಾ ಅವರೂ ಆಯ್ಕೆಯಾಗಿ, ಮಾಸ್ಕೋ ಸಮೀಪದ ತರಬೇತಿ ಕೇಂದ್ರಕ್ಕೆ ತೆರಳಿದರು.

1984ರ ಏಪ್ರಿಲ್ 3ರಂದು ಸೋಯುಜ್ ಟಿ-11 ನೌಕೆ ಮೇಲೇರಿತು. ಯೂರಿ ಮಾಲಿಷೆವ್ ಮತ್ತು ಗೆನ್ನಾಡಿ ಸ್ತ್ರೆಕಾಲೊವ್ ಶರ್ಮಾರ ಸಹಯಾತ್ರಿಗಳು. ಮೂವರೂ ಸಲ್ಯೂತ್-7 ನಿಲ್ದಾಣವನ್ನು ಸೇರಿದರು. ಅಲ್ಲಿ ಗುರುತ್ವಾಕರ್ಷಣವೇ ಇಲ್ಲವೆಂದು ಹಲವರು ಭಾವಿಸುವುದುಂಟು. ಇದು ತಪ್ಪು. ಆ ಎತ್ತರದಲ್ಲಿಯೂ ನೆಲದ ಮೇಲಿರುವುದರ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ಸೆಳೆತವಿರುತ್ತದೆ. ನಿಲ್ದಾಣವು ಬೀಳುತ್ತಲೇ ಇರುತ್ತದೆ; ಆದರೆ ಸೆಕೆಂಡಿಗೆ ಏಳು ಕಿಲೊಮೀಟರಿಗೂ ಮೀರಿದ ವೇಗದಿಂದ ಅಡ್ಡಲಾಗಿ ಚಲಿಸುವುದರಿಂದ ದುಂಡಗಿನ ಭೂಮಿಯನ್ನು ಮುಟ್ಟುವುದಿಲ್ಲ. ನಿಲ್ದಾಣವು ಕರಟ, ಯಾತ್ರಿಕನು ಗಿಟುಕು!

ಭಾರರಹಿತ ಸ್ಥಿತಿಯಲ್ಲಿ ರಕ್ತವು ತಲೆಯ ಕಡೆಗೆ ಸರಿಯುತ್ತದೆ, ಮುಖ ಊದಿಕೊಳ್ಳುತ್ತದೆ. ದೇಹವು ಇದಕ್ಕೆ ಹೊಂದಿಕೊಳ್ಳಲು ಯೋಗಾಭ್ಯಾಸವು ನೆರವಾಗುವುದೇ ಎಂದು ಶರ್ಮಾ ತಮ್ಮ ದೇಹದ ಮೇಲೆಯೇ ಪರೀಕ್ಷಿಸಿದರು. ಭಾರತದ ನೆಲದ ಛಾಯಾಚಿತ್ರಗಳನ್ನೂ ತೆಗೆದರು. ಏಪ್ರಿಲ್ 11ರಂದು ಮರಳಿದರು. ಮುಂದೆ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯಲ್ಲಿ, ನಾಸಿಕ್‌ನಲ್ಲಿಯೂ ಬೆಂಗಳೂರಿನಲ್ಲಿಯೂ, ವಿಮಾನಗಳ ಪರೀಕ್ಷಕರಾದರು.

ಅಷ್ಟೇ ತರಬೇತಿ ಪಡೆದಿದ್ದ ಮಲ್ಹೋತ್ರಾ ಅವರು ಭೂಮಿಯಲ್ಲಿಯೇ ಉಳಿದರು. ಅಗತ್ಯ ಬಿದ್ದಲ್ಲಿ ಶರ್ಮಾರ ಸ್ಥಾನಕ್ಕೆ ಏರಲು ಸಿದ್ಧರಾಗಿರುವುದೇ ಅವರ ಕರ್ತವ್ಯವಾಗಿದ್ದಿತು. ಶರ್ಮಾರಿಗೆ ಅಶೋಕ ಚಕ್ರವೂ ಮಲ್ಹೋತ್ರಾರಿಗೆ ಕೀರ್ತಿ ಚಕ್ರವೂ ಸಂದವು. 2025ರ ಜೂನ್‌ನಲ್ಲಿ ಶುಭಾಂಶು ಶುಕ್ಲಾ ಏರುವವರೆಗೆ, 41 ವರ್ಷಗಳ ಕಾಲ, ಭಾರತದ ಮತ್ತಾವ ಪ್ರಜೆಯೂ ಭೂಮಿಯ ಕಕ್ಷೆಯನ್ನು ಸೇರಲಿಲ್ಲ. ಹಾರಿದವನಷ್ಟೇ ಸಾಧಕನಲ್ಲ, ಹಾರಲು ಸಿದ್ಧನಾಗಿ ನಿಂತವನ ಶ್ರಮವೂ ವಿಜ್ಞಾನದ ಲೆಕ್ಕಕ್ಕೆ ಸೇರಿದುದೇ.